ಒಂದೇ ಗೋಡೆಯ ರಾಜ

ಒಂದಾನೊಂದು ಕಾಲದಲ್ಲಿ, ಸಮುದ್ರದಾಚೆಯ ಮರಳಿನ ದೇಶದಲ್ಲಿ, ಎಂಟನೇ ಉಪ್ಪರಿಗೆಯ ಮೇಲೆ ಒಬ್ಬ ರಾಜನಿದ್ದ. ಅವನಿಗೆ ಒಬ್ಬಳು ರಾಣಿ, ಒಬ್ಬಳು ಮಗಳು, ಒಬ್ಬ ಮಗ ಮತ್ತು ಒಬ್ಬಳು ಮುದಿ ತಾಯಿ. ಆನೆ ಕುದುರೆ ಇರಲಿಲ್ಲ. ಒಂದು ಬಿಳಿ ಕಾರಿತ್ತು. ಅದನ್ನು ನಿಲ್ಲಿಸಲು ಜಾಗ ಸಿಗದೆ ರಾಜ ದಿನಾ ಸಂಜೆ ಬೀದಿ ಬೀದಿ ಸುತ್ತುತ್ತಿದ್ದ. ಅವನ ಅರಮನೆಯಲ್ಲಿ ಖಾಲಿ ಇದ್ದದ್ದು ಒಂದೇ ಒಂದು ಗೋಡೆ. ಆ ಗೋಡೆಗೆ ತಾಯಿಯ ಮಂಚ ಒರಗಿತ್ತು. ಒಂದು ದಿನ ರಾಜನಿಗೆ ಆ ಗೋಡೆ ಬೇಕೆನ್ನಿಸಿತು.

ನನ್ನ ಅಜ್ಜಿ ಚಾಮುಂಡೇಶ್ವರಿ ಹೇಳಿದ್ದರೆ ಕತೆ ಹೀಗೆ ಶುರುವಾಗುತ್ತಿತ್ತು. ಅವಳ ಕತೆಗಳಲ್ಲಿ ರಾಜರಿಗೆ ಬುದ್ಧಿ ಬರುವುದು ಕೊನೆಗೇ. ಅಷ್ಟರವರೆಗೆ ಅವರು ಮಾಡುವ ಅವಾಂತರವನ್ನು ಹೇಳುವಾಗ ಅವಳ ದನಿ ಏರುತ್ತಿತ್ತು, ಕೈಬಳೆಗಳು ಸದ್ದು ಮಾಡುತ್ತಿದ್ದವು. ಈ ಕತೆಯ ರಾಜ ನನ್ನ ಅಪ್ಪ ನಿರಂಜನ. ಅರಮನೆ, ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂಬದಿಯ ಗಲ್ಲಿಯಲ್ಲಿರುವ ನಮ್ಮ ಫ್ಲ್ಯಾಟು. ಒಂದು ಕೋಣೆ ಅಪ್ಪ ಅಮ್ಮನದು. ಇನ್ನೊಂದು ನನ್ನ ತಮ್ಮ ಅನಿಕೇತನದು, ಹನ್ನೆರಡನೇ ಕ್ಲಾಸಿನ ಪರೀಕ್ಷೆಯ ಹೆಸರಲ್ಲಿ. ಹಾಲಿನಲ್ಲಿ ಅಜ್ಜಿಯ ಮಂಚ, ಅದರ ಪಕ್ಕ ನನ್ನ ಸೋಫಾ. ಹಾಲಿನ ಒಂದು ಬದಿ ಪೂರಾ ಗಾಜು, ಒಂದು ಬದಿ ಅಡುಗೆಮನೆ, ಇನ್ನೊಂದು ಬದಿ ಎರಡು ಕೋಣೆಗಳ ಬಾಗಿಲು. ಆ ಎರಡು ಬಾಗಿಲುಗಳ ನಡುವಿನ ಎರಡು ಮೊಳದ ಜಾಗದಲ್ಲಿ ಹಳೆಯ ಟಿವಿ ನೇತಾಡುತ್ತಿತ್ತು, ಅಜ್ಜಿಯ ಮಂಚಕ್ಕೆ ನೇರ ಎದುರಾಗಿ.

ಆ ಟಿವಿ ಸೆಪ್ಟೆಂಬರಿನ ಮೊದಲ ವಾರ ಸತ್ತಿತು. ಅಪ್ಪನಿಗೆ ದುಃಖವಾಗಲಿಲ್ಲ.

"ಎಪ್ಪತ್ತೈದು ಇಂಚು," ಎಂದ, ಉಪ್ಪಿಟ್ಟಿಗೆ ಚಟ್ನಿಪುಡಿ ಕಲಸುತ್ತ. "ತಗೊಂಡ್ರೆ ಅದೇ. ಇನ್ಮೇಲೆ ಸಣ್ಣದೆಲ್ಲ ಬೇಡ."

"ಎಲ್ಲಿ ನೇತು ಹಾಕ್ತೀರಿ, ನನ್ನ ತಲೆ ಮೇಲಾ?" ಎಂದಳು ಅಮ್ಮ ಅಡುಗೆಮನೆಯಿಂದ.

"ಅಪೇಕ್ಷಾ, ಫೈನಲ್ ಮ್ಯಾಚ್ ನಮ್ಮನೇಲಿ ಅಂತ ಎಲ್ಲರಿಗೂ ಹೇಳಿಬಿಟ್ಟಿದೀನಿ."

ಆಗ ವಿಷಯ ಗೊತ್ತಾಯಿತು. ಅಪ್ಪನ ಆಫೀಸಿನ ಐದಾರು ಕನ್ನಡದವರ ಗುಂಪೊಂದಿದೆ. ದೊಡ್ಡ ಮ್ಯಾಚಿದ್ದರೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಕೂರುತ್ತಾರೆ. ಹೋದ ಸಲ ದುಬೈಗೆ, ಅಲ್ ಮುರಕ್ಕಬಾತಿನ ಅಬ್ದುಲ್ ರವೂಫ್ ಅಂಕಲ್ ಮನೆಗೆ ಹೋಗಿದ್ದರು. ಅಲ್ಲಿನ ಟಿವಿಯಲ್ಲಿ ಬೌಲರನ ಮೂಗಿನ ಬೆವರೂ ಕಾಣುತ್ತಿತ್ತಂತೆ. ವಾಪಸು ಬರುವಾಗ ಕಾರಿನಲ್ಲಿ ಅಪ್ಪ ಒಂದು ಮಾತೂ ಆಡಿರಲಿಲ್ಲವಂತೆ.

"ಅಮ್ಮ, ನಿನಗೋಸ್ಕರನೂ ಕಣೆ," ಎಂದು ಅಪ್ಪ ಅಜ್ಜಿಯ ಕಡೆ ತಿರುಗಿದ. "ದಸರಾ ಬಂತಲ್ಲ. ಜಂಬೂಸವಾರಿ ಗೋಡೆ ತುಂಬ ಕಾಣುತ್ತೆ. ಆನೆ ಆನೆಯಷ್ಟೇ ದೊಡ್ಡದಾಗಿ! ನಾನು ಮಾತು ಕೊಡ್ತೀನಿ. ಹೊಸ ಟಿವೀಲಿ ಮೊದಲು ಜಂಬೂಸವಾರಿ, ನಾನೇ ಹಾಕಿ ತೋರಿಸ್ತೀನಿ."

ಅಜ್ಜಿಯ ಮುಖ ಅರಳಿತು. ಮೈಸೂರಿನ ದಸರೆಯ ಮೆರವಣಿಗೆಯನ್ನು ಅವಳು ಇಲ್ಲಿಗೆ ಬಂದ ಮೇಲೆ ನನ್ನ ಫೋನಿನಲ್ಲಿ ನೋಡುತ್ತಿದ್ದಳು. ಅದರಲ್ಲಿ ಅಂಬಾರಿ ಹೊತ್ತ ಆನೆ ಹೆಸರುಬೇಳೆಯಷ್ಟು.

ಸಂಜೆ ಅಪ್ಪ ಟೇಪು ತಂದು ಆ ಖಾಲಿ ಗೋಡೆಯನ್ನು ಅಳೆದ. ಮಂಚದ ಮೇಲೆ ಚಪ್ಪಲಿ ಕಾಲಿನಲ್ಲೇ ಹತ್ತಿ ನಿಂತಿದ್ದ. ಅಜ್ಜಿ ಒಂದು ಬದಿಗೆ ಸರಿದು, ಕಾಲು ಮಡಚಿ ಕೂತು ನೋಡುತ್ತಿದ್ದಳು.

"ಮಂಚ ಇಟ್ಕೊಂಡೇ ಹಾಕಕ್ಕಾಗಲ್ವಾ?" ಎಂದೆ.

"ಟಿವಿ ಕೆಳಗೆ ಮಂಚ ಇದ್ರೆ ಆಸ್ಪತ್ರೆ ವಾರ್ಡ್ ಥರ ಕಾಣುತ್ತೆ ಹಿತಾ. ಜನ ಬರ್ತಾರೆ."

"ಹಾಗಾದ್ರೆ ಅಜ್ಜಿ?"

ಅಪ್ಪ ಟೇಪನ್ನು ಸರ್ರನೆ ಒಳಗೆಳೆದುಕೊಂಡ. "ಸ್ಟೋರ್ ರೂಮ್ ಕ್ಲೀನ್ ಮಾಡಿಸೋಣ. ಅಮ್ಮಂಗೂ ಸ್ವಂತಕ್ಕೆ ಒಂದು ರೂಮ್ ಆಗುತ್ತೆ, ಪ್ರೈವೆಸಿ ಇರುತ್ತೆ."

"ವಿಚ್ ಸ್ಟೋರ್ ರೂಮ್?" ಅನಿಕೇತ ಹೆಡ್‌ಫೋನು ಸರಿಸಿ ಕೇಳಿದ. "ಯೂ ಮೀನ್ ದ ಮೇಡ್ಸ್ ರೂಮ್?"

ಅಪ್ಪ ಅವನನ್ನು ದುರುಗುಟ್ಟಿ ನೋಡಿದ.

"ನೋ, ಇಟ್ಸ್ ಲಿಟರಲಿ ಕಾಲ್ಡ್ ದಟ್, ಡ್ಯಾಡ್. ಇಟ್ ಡಸಂಟ್ ಈವನ್ ಹ್ಯಾವ್ ಎ ವಿಂಡೋ."

"ನೀನು ನಿನ್ನ ರೂಮ್ ಬಿಟ್ಕೊಡ್ತೀಯೇನೋ?" ಅಪ್ಪ ಗುಡುಗಿದ. "ಇಲ್ವಲ್ಲ? ಬಾಯಿ ಮುಚ್ಕೊಂಡು ಓದು ಹೋಗು!"

ಅಡುಗೆಮನೆಯಾಚೆ ಇರುವ ಕೋಣೆ ಅದು. ಇಲ್ಲಿನ ಎಷ್ಟೋ ಮನೆಗಳಲ್ಲಿ ಕೆಲಸದವಳಿಗೆಂದು ಕಟ್ಟಿರುತ್ತಾರೆ. ಕಿಟಕಿಯಿಲ್ಲ, ಎ.ಸಿ. ಗಾಳಿ ಬರುವ ಜಾಲರಿಯೂ ಇಲ್ಲ. ಅಲ್ಲಿ ನಮ್ಮ ವಾಷಿಂಗ್ ಮೆಶಿನ್ನು, ಅಕ್ಕಿ ಮೂಟೆ, ಊರಿಗೆ ಹೋಗುವ ಸೂಟ್‌ಕೇಸುಗಳು ಇದ್ದವು.

ಅಜ್ಜಿ ಮಂಚದ ಮೇಲೆ ಬಿದ್ದಿದ್ದ ಚಪ್ಪಲಿಯ ಧೂಳನ್ನು ಸೆರಗಿನಿಂದ ಒರೆಸಿದಳು. ಅವತ್ತು ಅವಳು ರಾತ್ರಿಯೂಟಕ್ಕೆ ಏಳಲಿಲ್ಲ. "ಹಸಿವಿಲ್ಲ ಬಿಡೆ," ಎಂದಳು ಅಮ್ಮನಿಗೆ. ಅಮ್ಮ ತಟ್ಟೆಯನ್ನು ಅಪ್ಪನ ಮುಂದೆ ಇಟ್ಟ ರಭಸಕ್ಕೆ ಸಾರು ಚೆಲ್ಲಿತು.

ಅಂಗಡಿಗೆ ಹೊರಟಾಗ ಅಜ್ಜಿಯೂ ರೇಷ್ಮೆ ಸೀರೆ ಉಟ್ಟು ಬಂದಳು. "ನನಗೋಸ್ಕರ ತರೋದಲ್ವೇನೋ? ನಾನೂ ನೋಡ್ತೀನಿ," ಎಂದಳು. ಅಪ್ಪನಿಗೆ ಬೇಡವೆನ್ನಲಾಗಲಿಲ್ಲ.

ಎಲೆಕ್ಟ್ರಾ ಸ್ಟ್ರೀಟಿನ ಆ ಅಂಗಡಿಯಲ್ಲಿ ಗೋಡೆ ತುಂಬ ಟಿವಿಗಳು. ಎಲ್ಲದರಲ್ಲೂ ಒಂದೇ ಗಿಳಿ ಒಂದೇ ಹಣ್ಣನ್ನು ಕುಕ್ಕುತ್ತಿತ್ತು. ಅಲ್ಲಿ ಕೆಲಸ ಮಾಡುವ ಅನ್ಸಿಫ್ ಮಂಗಳೂರು ಕಡೆಯವನು. ನಮ್ಮ ಮಾತು ಕೇಳಿಯೇ ಓಡಿ ಬಂದ.

"ಬನ್ನಿ ಸಾರ್, ಬನ್ನಿ. ಎಷ್ಟು ದೊಡ್ಡದು ಬೇಕು? ಕೂತ್ಕೊಳ್ಳೋ ಜಾಗದಿಂದ ಗೋಡೆ ಎಷ್ಟು ದೂರ ಉಂಟು?"

"ಹತ್ತಡಿ," ಎಂದ ಅಪ್ಪ.

"ಮಂಚ ತೆಗೆದ್ರೆ ಹತ್ತಡಿ," ಎಂದಳು ಅಮ್ಮ.

"ಎಂತ ಮಂಚ?"

"ಏನಿಲ್ಲ, ನೀವು ತೋರಿಸಿ," ಅಪ್ಪ ಮುಂದೆ ನಡೆದ.

ಅನಿಕೇತನಿಗೆ ಆಟಕ್ಕೆ ಸರಿಹೋಗುವ ಟಿವಿ ಬೇಕು. ಅಮ್ಮನಿಗೆ ಯಾವುದಾದರೂ ಸರಿ, ಧೂಳು ಒರೆಸುವುದು ಸುಲಭವಾಗಿರಬೇಕು. ಅಪ್ಪನಿಗೆ ರವೂಫ್ ಅಂಕಲರದ್ದಕ್ಕಿಂತ ಒಂದು ಕೈ ಮೇಲಿರಬೇಕು. ಅಜ್ಜಿ ಮೂಲೆಯಲ್ಲಿದ್ದ ಒಂದು ಸಣ್ಣ ಟಿವಿಯ ಮುಂದೆ ನಿಂತಳು. "ಇದು ಸಾಕಲ್ವೇನೋ? ಗಿಳಿ ಇದರಲ್ಲೂ ಅಷ್ಟೇ ಹಸಿರಾಗಿದೆ."

"ಅಮ್ಮ, ಪ್ಲೀಸ್."

ಬಿಲ್ಲು ಮಾಡುವಾಗ ಅನ್ಸಿಫ್ ಹೇಳಿದ: "ಸಾರ್, ಒಂದು ಮಾತು. ಬೇಡ ಅನ್ನಿಸಿದ್ರೆ ಟಿವಿ ಮನೆಗೆ ಬಂದು ಹದಿನೈದು ದಿವಸದೊಳಗೆ ಬದಲಿಸ್ಬಹುದು. ಆದ್ರೆ ಸೀಲ್ ಒಡೆದಿರ್ಬಾರ್ದು. ಒಡೆದ್ರೆ ಖಲಾಸ್, ನಮ್ಮ ಮ್ಯಾನೇಜರನ ಕಾಲು ಹಿಡಿದ್ರೂ ಆಗುದಿಲ್ಲ."

"ಬದಲಿಸೋ ಮಾತೇ ಇಲ್ಲ," ಅಪ್ಪ ಕಾರ್ಡು ಕೊಟ್ಟ.

ಅಜ್ಜಿ ಅನ್ಸಿಫನನ್ನೇ ನೋಡುತ್ತಿದ್ದಳು. "ಸೀಲ್ ಅಂದ್ರೆ ಯಾವುದಪ್ಪಾ?" ಎಂದು ಕೇಳಿದಳು. ಅವನು ಅಲ್ಲೇ ಇದ್ದ ಒಂದು ಡಬ್ಬದ ಅಂಚಿನ ನೀಲಿ ಪಟ್ಟಿಯನ್ನು ಮುಟ್ಟಿ ತೋರಿಸಿದ. "ಓ," ಎಂದಳು.

ಟಿವಿ ಬಂದದ್ದು ಮಹಾಲಯ ಅಮಾವಾಸ್ಯೆಯ ಸಂಜೆ. ಇಬ್ಬರು ಕೆಲಸಗಾರರು ಏದುಸಿರು ಬಿಡುತ್ತ ಅದನ್ನು ಹೊತ್ತು ತಂದು ಖಾಲಿ ಗೋಡೆಗೆ ನಿಲ್ಲಿಸಿ ಹೋದರು. ಗೋಡೆ ಖಾಲಿಯಾಗಿತ್ತು, ಯಾಕೆಂದರೆ ಮಾರನೇ ದಿನ ನವರಾತ್ರಿ. ಪ್ರತಿ ವರ್ಷ ಅಜ್ಜಿ ಅಲ್ಲೇ ದಸರಾ ಗೊಂಬೆ ಕೂರಿಸುವುದು. ಆ ಹತ್ತು ದಿನ ಅವಳ ಮಂಚ ಗಾಜಿನ ಕಿಟಕಿಯ ಕೆಳಗೆ ಹೋಗುತ್ತದೆ, ಬೆಳಗಿನ ಬಿಸಿಲಿಗೆ.

"ಈ ಸಲ ಸರಿಸಿದ ಮಂಚ ವಾಪಸ್ ಈ ಕಡೆ ಬರೋದು ಬೇಡ," ಎಂದ ಅಪ್ಪ, ಕೈ ಉಜ್ಜುತ್ತ. "ದಸರಾ ಆದಮೇಲೆ ನೇರ ಆ ರೂಮಿಗೆ."

"ಹಾಗಾದ್ರೆ ಈ ಸಲ ಗೊಂಬೆ ಎಲ್ಲಿ ಕೂರಿಸೋದೋ?"

"ಆ ಮೂಲೇಲಿ ಒಂದು ಸ್ಟೂಲ್ ಮೇಲೆ ರಾಜ ರಾಣಿ ಇಬ್ಬರನ್ನೇ ಇಟ್ಟುಬಿಡು. ಸಿಂಪಲ್ ಆಗಿ."

"ಡ್ಯಾಡ್, ಓಪನ್ ಮಾಡೋಣ!" ಅನಿಕೇತ ಕತ್ತರಿ ಹಿಡಿದು ಬಂದ.

"ಏಯ್, ಬೇಡ!" ಅಪ್ಪ ತಡೆದ. "ಅಮಾವಾಸ್ಯೆ ಇವತ್ತು. ಅದೂ ಮಹಾಲಯದ್ದು. ಇಷ್ಟು ದೊಡ್ಡ ಸಾಮಾನು ಅಮಾವಾಸ್ಯೆ ದಿನ ಬಿಚ್ತಾರಾ? ನಾಳೆ ಪಾಡ್ಯ, ಸಂಜೆ ಫಿಟ್ಟಿಂಗ್‌ನೋರು ಬರ್ತಾರೆ, ಅವರೇ ಬಿಚ್ತಾರೆ."

ಇಷ್ಟು ವರ್ಷ ಪಂಚಾಂಗ ನೋಡಲು ಅಜ್ಜಿ ಹೇಳಿದಾಗಲೆಲ್ಲ ನಕ್ಕವನು ಅವನೇ.

ಮಾರನೇ ಬೆಳಿಗ್ಗೆ ಅಪ್ಪ ಆಫೀಸಿಗೆ, ಅನಿಕೇತ ಸ್ಕೂಲಿಗೆ ಹೋದರು. ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದ ನಾನು ಮನೆಯಲ್ಲೇ ಇದ್ದೆ. ಅಜ್ಜಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಗಂಟು ಕಟ್ಟಿ, ಆ ಡಬ್ಬದ ಮುಂದೆ ಬಂದು ನಿಂತಳು. ಅದರ ಮೇಲಂಚು ಅವಳ ಎದೆಯ ಎತ್ತರಕ್ಕಿತ್ತು. ಗೇಣು ಇಟ್ಟು ಆ ಅಂಚಿನ ಅಗಲ ನೋಡಿದಳು. ಸರಿಯಾಗಿ ಒಂದು ಗೇಣು.

"ಹಿತಾ, ಆ ರೂಮಿಂದ ಸೂಟ್‌ಕೇಸು ತಾ ಮಗು."

"ಎಷ್ಟು?"

"ಎಲ್ಲ."

ದೊಡ್ಡ ಸೂಟ್‌ಕೇಸು, ಸಣ್ಣ ಸೂಟ್‌ಕೇಸು, ಅಕ್ಕಿ ಡಬ್ಬ, ಅನಿಕೇತನ ಹಳೆಯ ಪುಸ್ತಕದ ರಟ್ಟಿನ ಪೆಟ್ಟಿಗೆ. ಒಂದರ ಹಿಂದೊಂದು ಇಟ್ಟಾಗ ಮೆಟ್ಟಿಲು ಏರುತ್ತ ಏರುತ್ತ ಟಿವಿ ಡಬ್ಬದ ನೆತ್ತಿಗೆ ಬಂದು ನಿಂತಿತು. ತಾತನ ಜರಿಯಂಚಿನ ಬಿಳಿ ಪಂಚೆಯನ್ನು ನಾನೇ ಹಾಸಿದೆ. ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಲ್ಲಕ್ಕಿಂತ ಮೇಲೆ, ಎಪ್ಪತ್ತೈದು ಇಂಚಿನ ಮೇಲೆ, ಅಜ್ಜಿ ತನ್ನ ಮದುವೆಯಲ್ಲಿ ಬಂದ ಪಟ್ಟದ ಗೊಂಬೆಗಳನ್ನು ನಿಲ್ಲಿಸಿದಳು: ಮರದ ರಾಜ, ಮರದ ರಾಣಿ. ನಡುವೆ ಕಲಶ ಇಟ್ಟಳು. ಕುಂಕುಮ ಏರಿಸಿದಳು.

ಅಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅತ್ತೆ. ಕಲಶ ಇಟ್ಟುಬಿಟ್ರಾ?"

"ಇಟ್ಟೆ."

"ಇನ್ನು ವಿಜಯದಶಮಿವರೆಗೂ ಕದಲಿಸೋ ಹಾಗಿಲ್ಲ."

"ಇಲ್ಲ."

ಅಮ್ಮ ಸ್ವಲ್ಪ ಹೊತ್ತು ಗೊಂಬೆಗಳನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಹಯಗ್ರೀವಕ್ಕೆ ಕಡಲೆಬೇಳೆ ಬೇಯಲಿಟ್ಟಳು.

ಸಂಜೆ ಅಪ್ಪನ ಕೂಗು ಕೆಳಗಿನ ಮಹಡಿಗೂ ಕೇಳಿರಬೇಕು.

"ತೆಗಿ ಇದನ್ನ! ಫಿಟ್ಟಿಂಗ್‌ನೋರು ಕೆಳಗೆ ನಿಂತಿದಾರೆ!"

"ನೀನೇ ತೆಗಿಯಪ್ಪ. ಇಗೋ ಕಲಶ. ಎತ್ತು."

ಅಪ್ಪನ ಕೈ ಮುಂದೆ ಹೋಯಿತು. ಕಲಶದ ಹತ್ತಿರ ಹೋಗಿ ನಿಂತಿತು. ಅಮಾವಾಸ್ಯೆಗೆ ಹೆದರಿದ ಮನುಷ್ಯ ಪಾಡ್ಯದ ಕಲಶವನ್ನು ಹೇಗೆ ಎತ್ತಿಯಾನು? ಮೇಲೆ ಮರದ ರಾಜ ಕಣ್ಣರಳಿಸಿ ಅವನನ್ನೇ ನೋಡುತ್ತಿದ್ದ.

"ಬೇಕಂತ ಮಾಡಿದೀಯ."

"ಹ್ಞೂ ಕಣೋ, ಬೇಕಂತಲೇ."

ಆ ವಾರ ಮನೆಯಲ್ಲಿ ಮಾತೆಂದರೆ ಪಾತ್ರೆಗಳ ಸದ್ದು. ಅಪ್ಪ ಅಜ್ಜಿಗೆ ಹೇಳಬೇಕಾದ್ದನ್ನು ನನಗೆ ಹೇಳುತ್ತಿದ್ದ, ಅಜ್ಜಿ ಅಪ್ಪನಿಗೆ ಹೇಳಬೇಕಾದ್ದನ್ನು ಗೊಂಬೆಗಳಿಗೆ ಹೇಳುತ್ತಿದ್ದಳು. ಸಂಜೆ ಬಿಲ್ಡಿಂಗಿನ ಮಕ್ಕಳು "ಗೊಂಬೆ ಕೂರ್ಸಿದೀರಾ?" ಎಂದು ಬರುತ್ತಿದ್ದರು. ಅವಳು ಎಲ್ಲರ ಕೈಗೂ ಗೊಂಬೆ ಪ್ರಸಾದದ ಚರ್ಪು, ಕಡಲೆ ಉಸಲಿ ಹಾಕಿ, "ಮೇಲಿರೋ ರಾಜ ಇದಾನಲ್ಲ, ಅವನು ಅವರಮ್ಮನ ಮಂಚ ಕಿತ್ಕೊಂಡಿರಲಿಲ್ಲ," ಎನ್ನುತ್ತಿದ್ದಳು. ಅಪ್ಪ ಕೋಣೆಯ ಬಾಗಿಲು ದಢಾರನೆ ಹಾಕಿಕೊಳ್ಳುತ್ತಿದ್ದ.

ಫೈನಲ್ ದಿನ ಬಂತು. ಕರೆದವರನ್ನು ಬೇಡವೆನ್ನಲು ಅಪ್ಪನಿಗೆ ಮುಖವಿರಲಿಲ್ಲ. ರವೂಫ್ ಅಂಕಲ್ ದುಬೈಯಿಂದ ಖರ್ಜೂರದ ಪೊಟ್ಟಣ ಹಿಡಿದು ಬಂದರು. ಆಫೀಸಿನ ಆನ್ಸೆಲ್ಮ್, ಇನ್ನೂ ಮೂವರು ಬಂದರು. ಇಸ್ತ್ರಿ ಮೇಜಿನ ಮೇಲೆ ಅನಿಕೇತನ ಲ್ಯಾಪ್‌ಟಾಪ್. ಆರು ಜನ ಗಂಡಸರು ಅದರ ಮುಂದೆ ಒಬ್ಬರ ಭುಜದ ಮೇಲೆ ಇನ್ನೊಬ್ಬರು ಗಲ್ಲ ಇಟ್ಟು ಕೂತಿದ್ದರು.

"ನಿರಂಜನ್, ದೊಡ್ಡ ಟಿವಿ ಎಲ್ಲಿ ಮಾರಾಯ್ರೆ?" ಎಂದರು ಆನ್ಸೆಲ್ಮ್.

"ಬಂದಿದೆ, ಬಂದಿದೆ. ಆ ಮೆಟ್ಟಿಲ ಹಿಂದೆ."

ರವೂಫ್ ಅಂಕಲ್ ಎದ್ದು ಹೋಗಿ ಪಂಚೆಯ ಅಂಚು ಎತ್ತಿ ನೋಡಿ ಗಹಗಹಿಸಿ ನಕ್ಕರು. "ನಿಮ್ಮ ರಾಜ ರಾಣಿ ಒಳ್ಳೆ ಸೀಟೇ ಹಿಡ್ಕೊಂಡಿದ್ದಾರೆ! ಅಲ್ಲ, ಈ ಗೋಡೇಲಿ ಅಮ್ಮನ ಮಂಚ ಇತ್ತಲ್ಲ? ಅವ್ರು ಇನ್ನು ಎಲ್ಲಿ ಮಲಗ್ತಾರೆ?"

ಅಪ್ಪ ಬಾಯಿ ತೆರೆಯುವ ಮೊದಲೇ ಕಿಟಕಿ ಕೆಳಗಿನ ಮಂಚದಿಂದ ಅಜ್ಜಿಯ ದನಿ ಬಂತು. "ಕೆಲಸದೋಳ ರೂಮಿನಲ್ಲಪ್ಪ. ಈ ಮನೇಲಿ ಕೆಲಸದೋಳು ಇಲ್ಲ ನೋಡಿ, ಖಾಲಿ ಬಿದ್ದಿದೆ."

ಲ್ಯಾಪ್‌ಟಾಪಿನಲ್ಲಿ ಯಾರೋ ಸಿಕ್ಸರ್ ಹೊಡೆದರು. ಯಾರೂ ಕೂಗಲಿಲ್ಲ. ಅಮ್ಮ ಬಿಸಿಬೇಳೆ ಬಾತು ಬಡಿಸಿದಳು, ಎಲ್ಲರೂ ತಟ್ಟೆ ನೋಡಿಕೊಂಡು ತಿಂದರು.

ಅವರು ಲಿಫ್ಟು ಹತ್ತಿದ್ದೇ ತಡ, ಶುರುವಾಯಿತು.

"ಮಾನ ಕಳೆದೆ! ನಾಳೆ ಆಫೀಸಿಗೆ ಹೇಗೆ ಹೋಗ್ಲಿ ನಾನು?"

"ನಾನು ಸುಳ್ಳು ಹೇಳಿದ್ನೇನೋ? ಹೇಳಕ್ಕೆ ನಾಚಿಕೆಯಾಗೋ ಕೆಲಸವನ್ನ ಮಾಡಕ್ಕೆ ನಾಚಿಕೆ ಇಲ್ವಾ ನಿನಗೆ?"

"ನಿನಗೇನು ಗೊತ್ತು ನನ್ನ ಕಷ್ಟ? ಅಪ್ಪ ಮನೇಲಿ ಟಿವಿ ಬೇಡ ಅಂದ್ರು. ನನ್ನ ಬಾಲ್ಯವೆಲ್ಲ ಪಕ್ಕದ ಮನೆ ಕಿಟಕಿ ಹೊರಗೆ ನಿಂತು ಮ್ಯಾಚ್ ನೋಡಿದ್ದು. ಮಳೇಲಿ ನಿಂತು ನೋಡಿದೀನಿ! ಇವತ್ತು ನನ್ನ ದುಡ್ಡಲ್ಲಿ, ನನ್ನ ಮನೇಲಿ..."

"ಕಿಟಕಿಯಾದ್ರೂ ಇತ್ತಲ್ಲೋ ನಿನಗೆ," ಎಂದಳು ಅಜ್ಜಿ. "ನೀನು ನನಗೆ ಕೊಟ್ಟಿರೋ ರೂಮಿಗೆ ಅದೂ ಇಲ್ಲ."

ಅಪ್ಪ ಅಮ್ಮನ ಕಡೆ ತಿರುಗಿದ. "ನೀನಾದ್ರೂ ಹೇಳೇ!"

ಅಮ್ಮ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ತಲೆಯೆತ್ತಲಿಲ್ಲ. "ಹೇಳ್ತೀನಿ. ಟೇಪ್ ಎಲ್ಲಿಟ್ಟಿದೀರಿ? ತನ್ನಿ, ನನ್ನ ಅಳತೆನೂ ಈಗ್ಲೇ ತಗೊಂಡುಬಿಡಿ. ಅನಿಕೇತ್ ಟಿವಿ ತರೋ ಕಾಲಕ್ಕೆ ಅವು ಇನ್ನೆಷ್ಟು ಇಂಚಾಗಿರ್ತವೋ. ನಾನು ಯಾವ ಮೂಲೇಲಿ ಹಿಡಿಸ್ತೀನಿ ಅಂತ ಅವನಿಗೆ ಗೊತ್ತಿರಬೇಕಲ್ಲ."

"ಮಾಮ್!" ಎಂದ ಅನಿಕೇತ. ಅಷ್ಟೇ. ಕತ್ತಿನಲ್ಲಿದ್ದ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ.

ವಿಜಯದಶಮಿಯ ಮಧ್ಯಾಹ್ನ ಮೈಸೂರಿನಲ್ಲಿ ಆನೆ ಹೊರಟಿತು. ನಾನು ಫೋನು ಹಿಡಿದು ಹೋದರೆ ಅಜ್ಜಿ ಮುಖ ತಿರುಗಿಸಿದಳು. "ಬೇಡ. ಹೊಸ ಟಿವೀಲಿ ತೋರಿಸ್ತೀನಿ ಅಂತ ನಿಮ್ಮಪ್ಪ ಮಾತು ಕೊಟ್ಟಿದಾನೆ. ತೋರಿಸಲಿ." ಸಂಜೆ ಆರತಿ ಎತ್ತಿ, ಪಟ್ಟದ ಗೊಂಬೆಗಳನ್ನು ಮಲಗಿಸಿ, ಕಲಶ ಕದಲಿಸಿದಳು.

ಶನಿವಾರ ಮಧ್ಯಾಹ್ನ, ಊಟ ಮುಗಿದ ಮೇಲೆ, ಅಪ್ಪ ಕತ್ತರಿ ತೆಗೆದುಕೊಂಡ. "ಇವತ್ತು ಬಿಚ್ತೀನಿ. ಫಿಟ್ಟಿಂಗ್‌ನೋರಿಗೆ ಫೋನ್ ಮಾಡಾಯ್ತು. ಅನಿಕೇತ್, ಮಂಚದ ಆ ಕಡೆ ಹಿಡ್ಕೋ."

ಅನಿಕೇತ ಕದಲಲಿಲ್ಲ.

"ತಡಿ," ಎಂದಳು ಅಜ್ಜಿ. "ನಾನು ಹೋಗಲ್ಲ ಅಂದ್ನಾ? ಹೋಗ್ತೀನಿ. ಆದ್ರೆ ಮೊದಲು ನೀನು ಹೋಗು. ಇದು ನಾನು ದಿನಾ ಮಧ್ಯಾಹ್ನ ಮಲಗೋ ಹೊತ್ತು. ಆ ರೂಮಲ್ಲಿ ಒಂದು ನಿದ್ದೆ ಮಾಡ್ಕೊಂಡು ಬಾ. ನೀನು ನಿದ್ದೆ ಮಾಡಿ ಎದ್ದು ಬಂದ್ರೆ ನಾನೇ ಹಾಸಿಗೆ ಸುತ್ಕೊಂಡು ಹೋಗ್ತೀನಿ. ಆಮೇಲೆ ಒಂದು ಮಾತಾಡಲ್ಲ."

"ಚಾಲೆಂಜಾ?"

"ಹ್ಞೂ. ಏನಾದ್ರೂ ಅನ್ಕೋ."

ಅಪ್ಪ ಕತ್ತರಿ ಬಿಸಾಕಿ, ಒಂದು ಚಾಪೆ, ಒಂದು ದಿಂಬು ಕಂಕುಳಿಗೆ ಸಿಕ್ಕಿಸಿಕೊಂಡು ದಾಪುಗಾಲು ಹಾಕಿ ಹೋದ. ಬಾಗಿಲು ಹಾಕಿಕೊಂಡ.

ಅಮ್ಮ ಎದ್ದಳು. ಕಿಟಕಿ ಪರದೆಗಳನ್ನು ಸರಸರ ಕಿತ್ತಳು, ಹಾಸಿಗೆ ಬಟ್ಟೆಗಳನ್ನು ಎಳೆದಳು, ಎಲ್ಲವನ್ನೂ ಅಪ್ಪಿಕೊಂಡು ಆ ಕೋಣೆಯ ಬಾಗಿಲು ತೆರೆದಳು. ಅಪ್ಪನ ದನಿ ಕೇಳಿಸಿತು.

"ಈಗ್ಲೇ ಹಾಕ್ಬೇಕಾ ಮೆಶಿನ್ನು?"

"ಶನಿವಾರ ಅಲ್ವಾ? ಪ್ರತಿ ಶನಿವಾರ ಈ ಹೊತ್ತಿಗೇ ಹಾಕೋದು. ಅತ್ತೆ ಮಲಗಿದ್ರೂ ಹಾಕ್ತಿದ್ದೆ."

ಬಾಗಿಲು ಮತ್ತೆ ಮುಚ್ಚಿತು. ಮೆಶಿನ್ನು ಗುರುಗುಟ್ಟತೊಡಗಿತು. ಅಜ್ಜಿ ಮೆಂತ್ಯದ ಕಟ್ಟು ಬಿಚ್ಚಿ ಎಲೆ ಬಿಡಿಸಲು ಕೂತಳು. ಅಮ್ಮ ಅವಳ ಪಕ್ಕ ಕೂತು ಅರ್ಧ ಕಟ್ಟು ತನ್ನ ಕಡೆ ಎಳೆದುಕೊಂಡಳು. ಮೆಶಿನ್ನು ನೀರು ಬಿಟ್ಟು, ಬಟ್ಟೆ ಹಿಂಡಲು ಶುರು ಮಾಡಿದಾಗ ಅಡುಗೆಮನೆಯ ಸ್ಟೀಲು ಲೋಟಗಳು ಅದುರಿದವು. ಎಲೆ ಬಿಡಿಸಿ ಮುಗಿದಿರಲಿಲ್ಲ, ಬಾಗಿಲು ತೆರೆಯಿತು.

ಅಪ್ಪನ ಬನಿಯನ್ನು ಮೈಗೆ ಅಂಟಿತ್ತು. ತಲೆಗೂದಲು ನೆನೆದು ಹಣೆಗೆ ಬಿದ್ದಿತ್ತು. ಫ್ರಿಜ್ಜಿನಿಂದ ನೀರಿನ ಬಾಟಲಿ ತೆಗೆದು ನಿಂತೇ ಗಟಗಟ ಕುಡಿದ. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ನಿದ್ದೆ ಬಂತಾ?" ಎಂದಳು ಅಜ್ಜಿ.

ಅಪ್ಪ ಅಂಗಿ ಹಾಕಿಕೊಂಡ. ಗುಂಡಿಗಳು ಮೇಲೆ ಕೆಳಗಾದವು. "ಅನಿಕೇತ್! ಡಬ್ಬ ಹಿಡ್ಕೋ!"

"ವೇರ್ ಟು?"

"ಅಂಗಡಿಗೆ! ಎಲ್ಲಿಗೆ ಅಂತೆ ಎಲ್ಲಿಗೆ!" ಎಂದು ಕೂಗಿದ. "ಎಲ್ಲ ಸೇರ್ಕೊಂಡು ನನ್ನನ್ನ..." ಬಾಗಿಲಲ್ಲಿ ಚಪ್ಪಲಿಯನ್ನು ಒದ್ದ.

ಡಬ್ಬ ಕಾರಿನಲ್ಲಿ ಹಿಡಿಸುವಂತಿರಲಿಲ್ಲ. ವಾಚ್‌ಮನ್‌ನ ತಳ್ಳುಗಾಡಿ ಕೇಳಿ ತಂದೆವು. ಉರಿಬಿಸಿಲಿನಲ್ಲಿ ಎಲೆಕ್ಟ್ರಾ ಸ್ಟ್ರೀಟಿನ ಫುಟ್‌ಪಾತಿನ ಮೇಲೆ ಅಪ್ಪ ತಳ್ಳಿದ, ಅನಿಕೇತ ಒಂದು ಕಡೆ, ನಾನು ಒಂದು ಕಡೆ ಆತುಕೊಂಡೆವು. ದಾರಿಯಲ್ಲಿ ಹೋಗುವವರು ತಿರುಗಿ ನೋಡಿದರು. ಅಪ್ಪ ಒಬ್ಬೊಬ್ಬರನ್ನೂ ದುರುಗುಟ್ಟಿಕೊಂಡೇ ಹೋದ.

ಅನ್ಸಿಫ್ ಡಬ್ಬದ ಸುತ್ತ ಒಂದು ಸುತ್ತು ಬಂದ. "ಸೀಲ್ ಸರಿ ಉಂಟು. ದಿವಸವೂ ಉಂಟು. ಆದ್ರೆ ಸಾರ್, ಮೇಲೆ ಇದೆಂತ ಕೆಂಪು?"

"ಕುಂಕುಮ."

"ಡಬ್ಬಕ್ಕೆ ಪೂಜೆ ಮಾಡಿದ್ರಾ?"

"ನೀವು ಬದಲಿಸಿ ಕೊಡ್ತೀರೋ ಇಲ್ವೋ?"

"ಯಲ್ಲಾ, ಆಯ್ತು, ಕೊಡುವ ಕೊಡುವ. ಯಾವುದು ಬೇಕು?"

ಅಪ್ಪ ಅಂಗಡಿಯ ದೊಡ್ಡ ಟಿವಿಗಳ ಕಡೆ ಒಮ್ಮೆ ನೋಡಿದ. ಗಿಳಿ ಇನ್ನೂ ಹಣ್ಣು ಕುಕ್ಕುತ್ತಲೇ ಇತ್ತು. ಆಮೇಲೆ ಮೂಲೆಗೆ ಹೋಗಿ, ಅಜ್ಜಿ ಅವತ್ತು ನಿಂತಿದ್ದ ಟಿವಿಯ ಮೇಲೆ ಕೈ ಇಟ್ಟ. "ಇದು." ಟೇಪು ತೆಗೆದು ತಾನೇ ಅಳೆದ. ಎರಡು ಬಾಗಿಲುಗಳ ನಡುವೆ ಹಿಡಿಸುತ್ತಿತ್ತು.

ಸಂಜೆಗೆ ಮಂಚ ಖಾಲಿ ಗೋಡೆಗೆ ವಾಪಸು ಬಂತು. ಸರಿಸಿದ್ದು ಅನಿಕೇತ, ಯಾರೂ ಹೇಳದೆ. ಫಿಟ್ಟಿಂಗ್‌ನವರು ಬಂದು ಬಾಗಿಲುಗಳ ನಡುವೆ ತೂತು ಕೊರೆದು, ಹಳೆಯ ಟಿವಿಯ ಜಾಗದಲ್ಲಿ ಹೊಸದನ್ನು ನೇತು ಹಾಕಿ ಹೋದರು. ಸುಣ್ಣದ ಪುಡಿ ಗುಡಿಸಿದ್ದು ಅಪ್ಪ. ಮುಖ ಇನ್ನೂ ಬಿಗಿದೇ ಇತ್ತು. ಪೊರಕೆಯನ್ನು ನೆಲಕ್ಕೆ ಕುಕ್ಕುತ್ತಿದ್ದ.

ಅಮ್ಮ ಮೆಂತ್ಯದ ಬಾತು ತಂದಿಟ್ಟಳು. ಅಪ್ಪ ಮೆರವಣಿಗೆಯ ರೆಕಾರ್ಡಿಂಗು ಹುಡುಕಿ, ರಿಮೋಟು ಹಿಡಿದು ಸೋಫಾದಲ್ಲಿ ಕೂತ. ಅಲ್ಲಿಂದ ಟಿವಿ ಓರೆಯಾಗಿ ಕಾಣುತ್ತದೆ. ಕತ್ತು ಆ ಕಡೆ ವಾಲಿಸಿದ, ಈ ಕಡೆ ವಾಲಿಸಿದ. ಸ್ಟೂಲು ಎಳೆದುಕೊಂಡು ಕೂತರೆ ಅಡುಗೆಮನೆಗೆ ಹೋಗುವ ದಾರಿಗೆ ಅಡ್ಡವಾದ. ಅಮ್ಮ "ಏಳ್ರೀ" ಎಂದು ಎಬ್ಬಿಸಿದಳು. ಕೊನೆಗೆ ತಟ್ಟೆ ಹಿಡಿದು ಹಾಲಿನ ನಡುವೆ ನಿಂತೇ ಇದ್ದ. ಟಿವಿ ನೇರವಾಗಿ ಕಾಣುವ ಜಾಗ ಈ ಮನೆಯಲ್ಲಿ ಒಂದೇ. ಅಲ್ಲಿ ಅಜ್ಜಿ ದಿಂಬಿಗೆ ಒರಗಿ ಕಾಲು ಚಾಚಿ ಕೂತಿದ್ದಳು.

ಅವಳು ಅವನನ್ನು ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿದಳು. ಆಮೇಲೆ ಕಾಲು ಮಡಚಿಕೊಂಡು ಮಂಚದ ಅರ್ಧ ಭಾಗ ಬಿಟ್ಟಳು.

"ಕಾಲು ತೊಳ್ಕೊಂಡು ಬಾ," ಎಂದಳು. "ಅವತ್ತು ಚಪ್ಪಲೀಲಿ ಹತ್ತಿದ್ದೆ."

ಅಪ್ಪ ತಟ್ಟೆ ಕೆಳಗಿಟ್ಟು ಬಚ್ಚಲಿಗೆ ಹೋದ. ನಲ್ಲಿಯ ಸದ್ದು ಕೇಳಿಸಿತು. ಒದ್ದೆ ಕಾಲಿನಲ್ಲಿ ಬಂದು, ಮಂಚದ ತುದಿಯಲ್ಲಿ, ಅವಳನ್ನು ತಾಗದ ಹಾಗೆ ಕೂತ.

"ಹ್ಞೂ. ಈಗ ಹಾಕು."

ಅಪ್ಪ ರಿಮೋಟು ಒತ್ತಿದ. ಆನೆ ಬಂತು.